ಕೆಂಪವ್ವನಿಗೆ ಸಿಕ್ಕ ಅಳತೆಯ ಬೆಳಕು

ಸಾವಳಗಿಯ ಬೀರೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಇಪ್ಪತ್ತು ವರ್ಷದಲ್ಲಿ ಹುಟ್ಟಿದ ಕೂಸುಗಳೆಲ್ಲ ಕೆಂಪವ್ವನ ಕಾಲ ಮೇಲೆ ಮಲಗಿ ಎದ್ದವರೇ. ಹೆರಿಗೆ ಮಾಡಿಸುವುದು ಅವಳ ಕೆಲಸವಲ್ಲ, ಅದಕ್ಕೆ ಸರಕಾರಿ ದವಾಖಾನೆಯ ನರ್ಸ್ ಇದ್ದಳು. ಕೆಂಪವ್ವನದು ಕೂಸಿಗೆ ಎರೆಯುವ ಕೆಲಸ. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಬೋರಲು ಹಾಕಿಕೊಂಡು, ಬೆಚ್ಚಗಿನ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಸವರಿ, ತಂಬಿಗೆಯಿಂದ ಹದವಾಗಿ ಬಿಸಿನೀರು ಸುರಿಯುತ್ತಿದ್ದಳು. ಆಮೇಲೆ ಲೋಬಾನದ ಹೊಗೆ ತೋರಿಸಿ, ಹಳೇ ಧೋತರದ ಅರಿವೆಯಲ್ಲಿ ಸುತ್ತಿ ಬಾಣಂತಿಯ ಮಗ್ಗುಲಿಗೆ ಹಾಕಿದಳೆಂದರೆ ಮೂರು ತಾಸು ಆ ಮನೆಯಲ್ಲಿ ಕೂಸಿನ ಸದ್ದಿರುತ್ತಿರಲಿಲ್ಲ. ಮೀಸೆ ಬಂದ ಹುಡುಗರು ಓಣಿಯಲ್ಲಿ ಎದೆ ಉಬ್ಬಿಸಿ ನಡೆದರೆ, "ನಿನ್ನ ಮೂಗ ಚಪ್ಪಟಿ ಇತ್ತಲೇ, ನಾ ಎಣ್ಣಿ ಹಚ್ಚಿ ಎತ್ತೀನಿ" ಎಂದು ನಾಲ್ಕು ಮಂದಿಯ ಮುಂದೆ ಹೇಳಿ ಗಾಳಿ ಇಳಿಸುತ್ತಿದ್ದಳು.

ಎರಡು ಸಾವಿರದ ಒಂದನೇ ಇಸವಿಯ ಚಳಿಗಾಲದಲ್ಲಿ ಅವಳ ಬಲಗೈಯ ತೋರುಬೆರಳ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆ ಕಾಣಿಸಿತು. ಎಲೆಗೆ ಹಚ್ಚುವ ಸುಣ್ಣ ಅಂಟಿದೆ ಎಂದುಕೊಂಡು ತೊಳೆದಳು, ಹೋಗಲಿಲ್ಲ. ಎರಡು ವರ್ಷದಲ್ಲಿ ಅದು ಎರಡೂ ಕೈಗಳ ಬೆರಳುಗಳನ್ನು ತುಂಬಿ, ಮುಂಗೈಗೆ ಹತ್ತಿ, ತುಟಿಯ ಎಡಮೂಲೆಯಲ್ಲೂ ಬಂದು ಕೂತಿತು. ನೋವಿಲ್ಲ, ತುರಿಕೆಯಿಲ್ಲ. ತೊನ್ನು ಎಂದು ಎಲ್ಲರಿಗೂ ಗೊತ್ತಾಯಿತು.

ಯಾರೂ ಅವಳಿಗೆ ಬರಬೇಡ ಎನ್ನಲಿಲ್ಲ. ನಮ್ಮ ಮಂದಿಗೆ ಮುಖದ ಮೇಲೆ ಒಲ್ಲೆ ಎನ್ನಲು ನಾಲಿಗೆ ಹೊರಳುವುದಿಲ್ಲ, ಅದನ್ನೇ ದೊಡ್ಡ ಮರ್ಯಾದೆ ಎಂದು ತಿಳಿದಿದ್ದಾರೆ. ಒಬ್ಬರ ಮನೆಯಲ್ಲಿ, "ನಮ್ಮ ಅತ್ತಿನ ಎರೀತಾಳಂತ, ನಿನಗ್ಯಾಕ ತ್ರಾಸ" ಎಂದರು. ಇನ್ನೊಬ್ಬರು ಕೂಸಿಗೆ ನೆಗಡಿ ಎಂದು ಎಂಟು ದಿನ ದೂಡಿ, ಒಂಬತ್ತನೆಯ ದಿನ ಮತ್ತೊಬ್ಬಳನ್ನು ಕರೆಸಿದರು. ಕೊನೆಗೆ ಗೋಡೆಯ ಆಚೆ ಕೂಸು ಹುಟ್ಟಿದರೂ ಕೆಂಪವ್ವ ತನ್ನ ಮನೆಯಲ್ಲಿ ಕೂತು ಅದರ ಅಳು ಕೇಳುತ್ತಿದ್ದಳು. ಈ ಅಳು ಹಸಿವಿನದು, ಈ ಅಳು ನೀರು ಬಿಸಿಯಾದದ್ದು ಎಂದು ಕೂತಲ್ಲಿಂದಲೇ ತಿಳಿಯುತ್ತಿತ್ತು. ಎದ್ದು ಹೋಗುವ ಹಾಗಿರಲಿಲ್ಲ. ಅವಳಿಗೆ ಅಳು ಬರುವುದಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು, ತಾನೇನೋ ಕದ್ದು ಸಿಕ್ಕಿಬಿದ್ದ ಹಾಗೆ.

ಔಷಧ ಹೇಳುವವರಿಗೇನೂ ಕೊರತೆ ಇರಲಿಲ್ಲ. ಬಾವಂಚಿ ಬೀಜ ಅರೆದು ಹಚ್ಚು ಎಂದರು, ಹಚ್ಚಿದಳು. ಬಿಳಿ ತಿಂದರೆ ಬಿಳಿ ಏರುತ್ತದೆ, ಹಾಲು, ಮೊಸರು, ಮಜ್ಜಿಗೆ ಬಿಡು ಎಂದರು, ಅದನ್ನೂ ಬಿಟ್ಟಳು. ಅರವತ್ತು ಕುರಿ, ಎರಡು ಎಮ್ಮೆ ಇರುವ ಮನೆಯಲ್ಲಿ ಮೂರು ವರ್ಷ ಕರಿ ಚಹಾ ಕುಡಿದಳು. ಜೋಳದ ರೊಟ್ಟಿಯೂ ಬಿಳಿಯೇ ಅಲ್ಲವೇ ಎಂದು ಮಾತ್ರ ಯಾವ ಪಂಡಿತನೂ ಹೇಳಲಿಲ್ಲ. ಅದನ್ನು ಹೇಳಿದ್ದರೆ ಊರವರು ಅವನನ್ನೇ ಬಿಡುತ್ತಿದ್ದರು.

ಎರಡು ಸಾವಿರದ ಆರರ ಯುಗಾದಿ ಮುಗಿದ ವಾರ ಬೀಗತಿ ಶಿವವ್ವ ಸಿಹಿ ಸುದ್ದಿ ಹೊತ್ತು ಬಂದಳು. ಕೆಂಪವ್ವನ ಮಗಳು ಭಾಗ್ಯಾಳನ್ನು ಬೀಳಗಿ ಕಡೆ ಕೊಟ್ಟಿದ್ದರು. ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟು ಹೊಸ ಪ್ಲಾಟಿನಲ್ಲಿ ಮನೆ ಕಟ್ಟಿಕೊಂಡ ಜನ, ಬೀರೇಶ್ವರನ ಒಕ್ಕಲೇ. ಭಾಗ್ಯಾ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಶಿವವ್ವ ಕೆಟ್ಟವಳಲ್ಲ, ಆದರೆ ಮನಸ್ಸಿನಲ್ಲಿದ್ದದ್ದನ್ನು ಸುತ್ತು ಹಾಕಿ ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಸಕ್ಕರೆ ಬಾಯಿಗೆ ಹಾಕಿಕೊಂಡು ಹೇಳಿಯೇ ಬಿಟ್ಟಳು.

"ಹೆರಿಗಿಗೆ ಕಳಸ್ತೀನ್ರಿ. ಆದ್ರ ಕೂಸಿಗೆ ಎರಿಯಾಕ ಬ್ಯಾರೆ ಯಾರನ್ನರ ನೋಡ್ರಿ ಬೀಗತಿ. ಸಿಟ್ಟಾಗಬ್ಯಾಡ್ರಿ. ಹೆಣ್ಣ ಕೂಸ ಹುಟ್ಟಿ, ನಾಳೆ ಅದಕ್ಕೂ ಹಿಂಗ ಆದ್ರ ಯಾರ ಮಾಡಕೋತಾರ?"

ಊರ ಕೂಸುಗಳಿಗೆಲ್ಲ ಎರೆದವಳು ಹೊಟ್ಟೆಯ ಮಗಳ ಕೂಸಿಗೆ ಎರೆಯಬಾರದಂತೆ. ಆದರೂ ಕೆಂಪವ್ವ ದನಿ ಏರಿಸಲಿಲ್ಲ.

"ಇನ್ನ ಏಳು ತಿಂಗಳ ಐತ್ರಿ. ಅಷ್ಟರಾಗ ನನ್ನ ಕೈ ಛಲೋ ಮಾಡಕೋತೀನಿ. ಕೈ ಛಲೋ ಆದ್ರ ನಾನ ಎರೀತೀನಿ, ಆಗದಿದ್ರ ಮುಟ್ಟೂದಿಲ್ಲ. ಸರಿ ಅನ್ರಿ."

ಶಿವವ್ವ ಸರಿ ಎಂದಳು.

ಆ ಗುರುವಾರವೇ ಕೆಂಪವ್ವ ಗಂಡ ಪಾಂಡಪ್ಪನನ್ನು ಕರೆದುಕೊಂಡು ಜಮಖಂಡಿಯ ಬಸ್ಸು ಹತ್ತಿದಳು. ಅಲ್ಲಿ ವೈಶಾಲಿ ಎಂಬ ಚರ್ಮದ ಡಾಕ್ಟರು ಹೊಸದಾಗಿ ದವಾಖಾನೆ ತೆರೆದಿದ್ದರು. ಡಾಕ್ಟರು ಅವಳ ಎರಡೂ ಕೈಗಳನ್ನು ತಮ್ಮ ಬರಿಗೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಮೂರು ವರ್ಷದಲ್ಲಿ ಮನೆಯ ಹೊರಗಿನವರು ಯಾರೂ ಹಾಗೆ ಹಿಡಿದಿರಲಿಲ್ಲ. ಕೆಂಪವ್ವನಿಗೆ ಕೈ ಹಿಂದೆಗೆದುಕೊಳ್ಳಬೇಕೆನಿಸಿತು.

"ಇದು ಅಂಟೂ ಜಡ್ಡಲ್ರೀ. ಮುಟ್ಟಿದ್ರ ಬರೂದಿಲ್ಲ, ಕೂಡಿ ಉಂಡ್ರ ಬರೂದಿಲ್ಲ" ಎಂದರು ಡಾಕ್ಟರು. "ಹಾಲ ಮಜ್ಜಿಗಿ ಯಾಕ ಬಿಟ್ಟೀರಿ? ಕುಡೀರಿ. ಇದಕ್ಕ ಬೆಳಕಿನ ಔಷಧ ಐತಿ."

ಅವರ ಬಳಿ ಬೆಳಕಿನ ಪೆಟ್ಟಿಗೆಯೂ ಇತ್ತು, ಆದರೆ ಅದಕ್ಕೆ ವಾರಕ್ಕೆ ಎರಡು ಸಲ ಬರಬೇಕು. ಕುರಿ ಬಿಟ್ಟು ಅಷ್ಟು ಸಲ ಬರಲಾಗದು ಎಂದು ಪಾಂಡಪ್ಪ ತಲೆ ಅಲ್ಲಾಡಿಸಿದ. ಹಾಗಾದರೆ ಗುಳಿಗೆ ಎಂದರು. ಮುಂಜಾನೆ ರೊಟ್ಟಿ ತಿಂದು ಗುಳಿಗೆ ನುಂಗಬೇಕು, ಎರಡು ತಾಸು ಬಿಟ್ಟು ಕಲೆಗಳಿಗೆ ಐದು ಮಿನಿಟು ಬಿಸಿಲು ತೋರಿಸಬೇಕು, ಆಮೇಲೆ ಸಂಜೆಯ ತನಕ ನೆರಳು ಬಿಡಬಾರದು, ಕಣ್ಣಿನ ಕಪ್ಪು ಚಾಳೀಸು ತೆಗೆಯಬಾರದು. ಇದನ್ನೆಲ್ಲ ಎರಡು ಸಲ ಹೇಳಿ ಚೀಟಿಯಲ್ಲೂ ಬರೆದುಕೊಟ್ಟರು.

ಚೀಟಿ ಪಾಂಡಪ್ಪನ ರುಮಾಲಿನಲ್ಲಿ ಭದ್ರವಾಗಿತ್ತು. ಬುದ್ಧಿ ಮಾತ್ರ ಕುರಿಗಾರನದೇ. ಮೂರು ತಲೆಮಾರಿನಿಂದ ಬಿಸಿಲಲ್ಲೇ ಹುಟ್ಟಿ ಬಿಸಿಲಲ್ಲೇ ಮುದುಕರಾದ ಜನಕ್ಕೆ ಐದು ಮಿನಿಟು ಎಂದರೆ ಏನು ಲೆಕ್ಕ?

"ಐದು ಮಿನಿಟ ಪ್ಯಾಟಿ ಮಂದಿಗೆಬೇ. ಅವರು ಛತ್ರಿ ಹಿಡಕೊಂಡ ತಿರಗತಾರ. ನಮ್ಮ ಚರ್ಮಕ್ಕ ಅದೆಲ್ಲಿ ಸಾಕಾಗತೈತಿ" ಎಂದು, ಕುರಿ ಕಾಯುವ ಬಡಿಗೆಯನ್ನು ಅಂಗಳದಲ್ಲಿ ನೆಟ್ಟು, ಅದರ ನೆರಳ ತುದಿಗೆ ಒಂದು ಗೆರೆ ಎಳೆದ. ಅಲ್ಲಿಂದ ಒಂದು ಗೇಣು ಬಿಟ್ಟು ಇನ್ನೊಂದು ಗೆರೆ. "ನೆರಳ ಇಲ್ಲಿಗೆ ಬರೂತನ ಕುಂದ್ರು."

ಅವನು ಹುಟ್ಟಿದಾಗಿನಿಂದ ಹೊತ್ತು ನೋಡಿದ್ದು ಹೀಗೆಯೇ, ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಆ ಒಂದು ಗೇಣು ಅರ್ಧ ತಾಸಾಗುತ್ತದೆ. ಕೆಂಪವ್ವನಾದರೂ ಬೇಡ ಎನ್ನಬಹುದಿತ್ತು. ಅವಳ ತಲೆಯಲ್ಲಿ ಏಳು ತಿಂಗಳ ಚಿಂತೆ. ಹೆಚ್ಚು ಕೂತರೆ ಬೇಗ ಬಣ್ಣ ಬರುತ್ತದೆ ಎಂದು ನೆರಳು ಗೆರೆ ದಾಟಿದರೂ ಕೂತಳು. ಮೂರನೆಯ ದಿನ ಕುರಿ ಮೇಯಿಸಲು ಆಳಿಲ್ಲವೆಂದು ಗುಳಿಗೆ ನುಂಗಿದ ಮೈಯಲ್ಲೇ ಅಡವಿಗೂ ಹೋದಳು. ಚೈತ್ರದ ಬಿಸಿಲು. ಸಂಜೆಗೆ ಕೈಗಳು ಕೆಂಡವಾದವು, ಮರುದಿನ ಗುಳ್ಳೆ ಎದ್ದವು. ತಂಬಿಗೆ ಹಿಡಿಯಲಾಗಲಿಲ್ಲ, ಸೀರೆಯ ನೆರಿಗೆ ಸಿಕ್ಕಿಸಿಕೊಳ್ಳಲಾಗಲಿಲ್ಲ. ಪಾಂಡಪ್ಪ ಹನ್ನೆರಡು ದಿನ ತಾನೇ ರೊಟ್ಟಿ ಬಡಿದ. ಒಂದಾದರೂ ದುಂಡಗಿರಲಿಲ್ಲ. ಮುರಿದು ಹಾಲಿನಲ್ಲಿ ನೆನೆಸಿ ಅವಳ ಬಾಯಿಗೆ ಇಡುವಾಗ ಅವನು ಅವಳ ಕಣ್ಣು ನೋಡುತ್ತಿರಲಿಲ್ಲ.

ಡಾಕ್ಟರಿಗೆ ಸಿಟ್ಟು ಬಂದಿತು. ಗೇಣು ನೆರಳಿನ ಕತೆ ಕೇಳಿ ನಗುವೂ ಬಂದಿತು. ಎರಡನ್ನೂ ಹತ್ತಿಕ್ಕಿಕೊಂಡು ಹೇಳಿದರು, "ಗುಳಿಗಿ ಹೊಟ್ಯಾಗ ಇದ್ದಾಗ ಬಿಸಲ ದಿನದ ಬಿಸಲಲ್ಲ ಕೆಂಪವ್ವಾರ. ಆವಾಗ ಅದು ಔಷಧ. ಔಷಧಕ್ಕ ಅಳತಿ ಇರತೈತಿ, ನೀವು ಸೀಸೆನ ಎತ್ತಿ ಕುಡದ್ರಿ."

ಸುಟ್ಟದ್ದು ಮಾಯಲು ಒಂದು ತಿಂಗಳು ಹಿಡಿಯಿತು. ಏಳರಲ್ಲಿ ಎರಡು ತಿಂಗಳು ಹೋಗಿದ್ದವು. ಈಗ ಪಾಂಡಪ್ಪನೇ ಕುರಿಗೆ ಆಳು ಹಚ್ಚಿ, ಸೋಮವಾರ, ಗುರುವಾರ ಅವಳನ್ನು ಬಸ್ಸು ಹತ್ತಿಸತೊಡಗಿದ. ಬೆಳಕಿನ ಪೆಟ್ಟಿಗೆ ಎಂದರೆ ಆಳೆತ್ತರದ ಕಬ್ಬಿಣದ ಕಪಾಟು, ಒಳಗೆ ಸುತ್ತಲೂ ಉದ್ದುದ್ದ ಟ್ಯೂಬುಗಳು. ಇದಕ್ಕೆ ಗುಳಿಗೆ ಬೇಕಿರಲಿಲ್ಲ. ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿ, ಮುಖ ಮತ್ತು ಕೈಗಳನ್ನಷ್ಟೇ ಬಿಟ್ಟು ಉಳಿದ ಮೈ ಮುಚ್ಚಿ ಒಳಗೆ ನಿಲ್ಲಿಸುತ್ತಿದ್ದರು. ಮೊದಲ ದಿನ ಮೂವತ್ತು ಸೆಕೆಂಡು. ಕೆಂಪವ್ವ ಉಸಿರು ಬಿಗಿಹಿಡಿದು ನಿಂತಳು, ಅದು ಬಿಡುವುದರೊಳಗೆ ಮುಗಿದೇ ಹೋಯಿತು. ಅಷ್ಟಕ್ಕೆ ಒಂದು ತಾಸು ಬಸ್ಸು, ಕರೆಂಟು ಹೋಗಿದ್ದರೆ ಬೆಂಚಿನ ಮೇಲೆ ಮತ್ತೆರಡು ತಾಸು. ಆ ದಿನಗಳಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಒಮ್ಮೆ ಅವಳು ಒಳಗೆ ನಿಂತಿರುವಾಗಲೇ ಹೋಯಿತು. ಕಂಪೌಂಡರ್ ಪರಮಾನಂದ ಬಾಗಿಲು ತೆರೆದು, ಹತ್ತು ಸೆಕೆಂಡು ಉಳಿದಿವೆ ಎಂದ. ಕರೆಂಟು ಬರುವ ತನಕ ಕಾದು, ಆ ಹತ್ತು ಸೆಕೆಂಡನ್ನೂ ತೆಗೆದುಕೊಂಡೇ ಊರಿಗೆ ಹೋದಳು. ಹನ್ನೊಂದನೆಯದನ್ನು ಮಾತ್ರ ಕೇಳಲಿಲ್ಲ.

ಶ್ರಾವಣದಲ್ಲಿ ಭಾಗ್ಯಾಳಿಗೆ ಸೀಮಂತದ ಕುಬಸ ಮಾಡುವ ಹೊತ್ತಿಗೆ ತುಟಿಯ ಮೂಲೆ ಕಂದಾಗಿತ್ತು. ಮುಂಗೈಯ ಬಿಳುಪಿನ ನಡುವೆ ಎಳ್ಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಕಂದು ಚುಕ್ಕೆ ಎದ್ದಿದ್ದವು. ಮುಂಜಾನೆ ಎದ್ದ ಕೂಡಲೇ ದೇವರ ಫೋಟೋ ನೋಡುವ ಬದಲು ಅವಳು ಕೈ ನೋಡಿಕೊಳ್ಳುತ್ತಿದ್ದಳು. ಮಗಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಮುಗಿದ ಮೇಲೆ ಬೀಗತಿಯನ್ನು ಪಡಸಾಲೆಯ ಬೆಳಕಿಗೆ ಕರೆದು ಮುಂಗೈ ಚಾಚಿದಳು.

ಶಿವವ್ವ ಬಗ್ಗಿ ನೋಡಿದಳು. "ಖರೆ, ಬರಾಕತ್ತೈತಿ" ಎಂದಳು. ಆಮೇಲೆ, "ಬೆರಳ?" ಎಂದಳು.

ಬೆರಳುಗಳು ಸುಣ್ಣದ ಹಾಗೆಯೇ ಇದ್ದವು.

ಅದನ್ನೇ ಮುಂದಿನ ಸೋಮವಾರ ಡಾಕ್ಟರನ್ನು ಕೇಳಿದಳು. ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು. "ಬಣ್ಣ ಬರೂದು ಕೂದಲ ಬೇರಿನಿಂದ. ಮುಂಗೈ ಮ್ಯಾಲ ಕೂದಲ ಅದಾವ, ಅಲ್ಲಿ ಬಂತು. ಬೆರಳ ತುದಿಗೆ ಕೂದಲ ಎಲ್ಲದಾವ್ರಿ? ಅಲ್ಲಿ ಬರೂದು ಭಾಳ ಕಡಿಮಿ. ನಾ ನಿಮಗ ಸುಳ್ಳ ಹೇಳಂಗಿಲ್ಲ."

"ದೀಪಾವಳಿ ಒಳಗ?"

"ದೀಪಾವಳಿ ಒಳಗೂ ಇಲ್ಲ, ಮುಂದಿನ ದೀಪಾವಳಿಗೂ ಹೇಳಾಕ ಬರೂದಿಲ್ಲ."

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿ ಕೆಂಪವ್ವ ಸಾವಳಗಿ ಬರುವ ತನಕ ಅತ್ತಳು. ಪಕ್ಕದಲ್ಲಿದ್ದ ಹೆಂಗಸು ಯಾರಾದರೂ ತೀರಿಕೊಂಡರೇ ಎಂದು ಕೇಳಿದಳು. ಇಲ್ಲ ಎಂದು ತಲೆ ಆಡಿಸಿದಳು. ಆದರೂ ಸೋಮವಾರ, ಗುರುವಾರ ತಪ್ಪಿಸಲಿಲ್ಲ. ಬಂದಷ್ಟು ಬರಲಿ ಎಂದುಕೊಂಡಳು, ಇಂಥ ಕಡೆ ಬರಬೇಕೆಂದು ಹಟ ಹಿಡಿಯುವುದನ್ನು ಬಿಟ್ಟಳು.

ದಸರೆ ಮುಗಿದ ಮೇಲೆ ಭಾಗ್ಯಾ ಸರಕಾರಿ ದವಾಖಾನೆಯಲ್ಲಿ ಹೆಣ್ಣು ಕೂಸು ಹೆತ್ತಳು. ಶಿವವ್ವ ನಾಲ್ಕು ದಿನ ಇರುತ್ತೇನೆಂದು ಬಂದಳು. ಕೆಂಪವ್ವ ಕೊಟ್ಟ ಮಾತಿನಂತೆ ತಾನೇ ಹೋಗಿ ಮೇಲಿನ ಓಣಿಯ ಮಾದೇವಿಯನ್ನು ಎರೆಯಲು ಗೊತ್ತು ಮಾಡಿದ್ದಳು. ತಾನೇ ನೀರು ಕಾಸುವುದು, ತಾನೇ ಎಣ್ಣೆ ಬೆಚ್ಚಗೆ ಮಾಡುವುದು, ಆಮೇಲೆ ಬಚ್ಚಲ ಹೊರಗೆ ಗೋಡೆಗೆ ಒರಗಿ ಕೂರುವುದು. ಭಾಗ್ಯಾ, "ಯವ್ವಾ, ನೀನ ಎರಿ, ಅತ್ತಿಗೆ ನಾ ಹೇಳತೀನಿ" ಎಂದಳು. "ಮಾತ ಕೊಟ್ಟೀನಿ" ಎಂದಳು ಕೆಂಪವ್ವ. ಕೂಸನ್ನು ಅರಿವೆಯಲ್ಲಿ ಸುತ್ತಿದ ಮೇಲಷ್ಟೇ, ಅರಿವೆಯ ಮೇಲಿಂದಷ್ಟೇ ಎತ್ತಿಕೊಳ್ಳುತ್ತಿದ್ದಳು.

ನಾಲ್ಕನೆಯ ದಿನ ಕೂಸು ಅಳಲೇ ಇಲ್ಲ. ಎದೆಗೆ ಹಾಕಿದರೆ ಎರಡು ಗುಟುಕು ಹೀರಿ ಮಲಗಿಬಿಡುತ್ತಿತ್ತು. ಎಂಥ ಶಾಣೇ ಕೂಸು ಎಂದು ಮನೆಯವರಿಗೆಲ್ಲ ಸಂತೋಷ. ಮಾದೇವಿ ಅರಿಷಿಣ ಹಚ್ಚಿ ಎರೆದು, ಸುತ್ತಿ, ಕೆಂಪವ್ವನ ಕೈಗೆ ಕೊಟ್ಟಳು. ಬಾಗಿಲ ಬೆಳಕಿನಲ್ಲಿ ನಿಂತಾಗ ಅರಿವೆಯಿಂದ ಒಂದು ಕಾಲು ಹೊರಗೆ ಜಾರಿತು. ಒಳಗೆ ಸೇರಿಸಲು ಹೋದ ಕೆಂಪವ್ವನ ಬೆರಳು ಅಂಗಾಲಿಗೆ ತಾಗಿತು. ತಾಗಿದ್ದು ಅಲ್ಲಿಯೇ ನಿಂತಿತು.

ಬಿಳಿ ಬೆರಳ ಪಕ್ಕದಲ್ಲಿ ಅಂಗಾಲು ಹಳದಿಯಾಗಿತ್ತು. ಕಂದು ಬೆರಳಾಗಿದ್ದರೆ ಆ ಹಳದಿ ಕಾಣುತ್ತಿತ್ತೋ ಇಲ್ಲವೋ. ಅವಳು ಹೆಬ್ಬೆರಳಿನಿಂದ ಅಂಗಾಲನ್ನು ಒತ್ತಿ ಬಿಟ್ಟಳು. ಒತ್ತಿದ ಜಾಗ ತನ್ನ ಬೆರಳಿನಂತೆ ಬಿಳಿಯಾಗಬೇಕಿತ್ತು, ಅದೂ ಹಳದಿ. ಕಣ್ಣರೆಪ್ಪೆ ಬಿಡಿಸಿ ನೋಡಿದಳು. ಅಲ್ಲಿಯೂ ಹಳದಿ.

"ಅರಿಷಿಣ ಹಚ್ಚೀನಿ ಬಿಡಕ್ಕಾ, ಅದಕ್ಕ ಹಂಗ ಕಾಣತೈತಿ" ಎಂದಳು ಮಾದೇವಿ.

"ಅಂಗಾಲಿಗೂ ಹಚ್ಚೀಯೇನ?"

ಮಾದೇವಿ ಹಚ್ಚಿರಲಿಲ್ಲ. ಯಾರೂ ಹಚ್ಚುವುದಿಲ್ಲ.

ಶಿವವ್ವ ಎದ್ದು ಬಂದಳು. "ಕೂಸಿಗೆ ಅರಿಷಿಣ ಕಾಮಣಿ ಆಗೂದ ಆಗೂದ್ರಿ ಬೀಗತಿ. ನಾಕ ದಿನ ಮುಂಜಾನಿ ಎಳೀ ಬಿಸಲಿಗೆ ಹಿಡದ್ರ ತಾನ ಇಳೀತೈತಿ."

ಹಟ್ಟಿಯ ಕಡೆ ಹೊರಟಿದ್ದ ಪಾಂಡಪ್ಪ ಹೊಸ್ತಿಲಲ್ಲಿ ನಿಂತ. "ಬಿಸಲಿನ ಮಾತ ಈ ಮನ್ಯಾಗ ಬ್ಯಾಡ್ರಿ" ಎಂದ.

"ಮಾರಿಗೆ ಅಷ್ಟ ಇದ್ದಿದ್ರ ಬ್ಯಾರೆ ಮಾತರಿ" ಎಂದಳು ಕೆಂಪವ್ವ. "ಇದು ಮಾರಿಯಿಂದ ಅಂಗಾಲಿಗೆ ಇಳದೈತಿ. ಹಿಂದ ಈ ಓಣ್ಯಾಗ ಒಂದ ಕೂಸ ಹಿಂಗ ಅಳಲಾರದ ಮಲಗಿ ಮಲಗಿ ಹೋತು. ನಾವೂ ಬಿಸಲಿಗೆ ಹಿಡದಿದ್ವಿ. ಬಿಸಲಿಗೆ ಅಳತಿ ಇಲ್ಲ. ನಾ ಕೈ ಸುಟಗೊಂಡ ಕಲತೀನಿ. ಜೀಪ ಹೇಳ್ರಿ, ಜಮಖಂಡಿಗೆ ಹೋಗೂಣು."

ಜಮಖಂಡಿಯ ಮಕ್ಕಳ ದವಾಖಾನೆಯಲ್ಲಿ ರಕ್ತ ತೆಗೆದು ನೋಡಿದ ಡಾಕ್ಟರು ಕೂಸಿನ ಅರಿವೆ ಎಲ್ಲ ಬಿಚ್ಚಿಸಿ, ಕಣ್ಣಿಗೆ ಪಟ್ಟಿ ಕಟ್ಟಿ, ಗಾಜಿನ ತೊಟ್ಟಿಲಿನಂಥ ಪೆಟ್ಟಿಗೆಯಲ್ಲಿ ನೀಲಿ ಟ್ಯೂಬುಗಳ ಕೆಳಗೆ ಮಲಗಿಸಿದರು. ನಾಲ್ಕು ದಿನದ ಕೂಸು ಬತ್ತಲೆ, ಕಣ್ಣು ಕಟ್ಟಿಸಿಕೊಂಡು ನೀಲಿಯಾಗಿ ಮಲಗಿದ್ದನ್ನು ನೋಡಿ ಭಾಗ್ಯಾ ಗೋಡೆ ಹಿಡಿದು ಕೂತಳು. ಶಿವವ್ವನ ಧೈರ್ಯವೆಲ್ಲ ಉಡುಗಿಹೋಗಿತ್ತು. "ಕಣ್ಣ ಯಾಕ ಕಟ್ಟ್ಯಾರ? ಕೂಸ ಸುಡತೈತಿ, ತಗೀರಿ ಅನ್ರಿ" ಎಂದು ನರ್ಸಿನ ಕಡೆ ಹೊರಟಳು.

ಕೆಂಪವ್ವ ಅವಳ ಸೆರಗು ಹಿಡಿದು ಬೆಂಚಿನ ಮೇಲೆ ಕೂಡಿಸಿದಳು. "ಸುಡೂದಿಲ್ರಿ. ಕಣ್ಣಿಗೆ ಬೆಳಕ ಬಡೀಬಾರದಂತ ಕಟ್ಟತಾರ, ನನಗೂ ಕಟ್ಟತಾರ. ಇದು ಅಳತಿ ಮಾಡಿ ಕೊಡೂ ಬೆಳಕ. ನಂದು ಬಣ್ಣ ತರೂದು, ಇದು ಬಣ್ಣ ತಗಿಯೂದು. ನಾ ಐದ ತಿಂಗಳ ನಿಂತೀನಿ, ನನ್ನ ಮಾರಿ ನೋಡ್ರಿ."

ಶಿವವ್ವ ಅವಳ ಮುಖ ನೋಡಿದಳು. ಆಮೇಲೆ ಬೆಂಚಿನಿಂದ ಏಳಲಿಲ್ಲ.

ಎರಡು ದಿನ ಕೂಸು ಬೆಳಕಿನಲ್ಲಿತ್ತು. ಎರಡನೆಯ ದಿನ ಮಧ್ಯಾಹ್ನ ಹಸಿವೆಂದು ಚೀರಿ ಅತ್ತಿತು. ಆ ಅಳು ಕೇಳಿ ಕೆಂಪವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಿಡುಗಡೆಯ ದಿನ ಡಾಕ್ಟರು, "ಇನ್ನ ಒಂದೆರಡು ದಿನ ಬಿಟ್ಟಿದ್ರ ಮಿದುಳಿಗೆ ಏರತಿತ್ತು. ಯಾರು ಗುರುತು ಹಿಡದ್ರಿ?" ಎಂದು ಕೇಳಿದರು. ಭಾಗ್ಯಾ ಅವ್ವನ ಕಡೆ ಕೈ ಮಾಡಿದಳು. ಶಿವವ್ವ ಔಷಧದ ಚೀಲ ಎತ್ತಿಕೊಂಡು ಮುಂದೆ ನಡೆದಳು.

ಮರುದಿನ ಮುಂಜಾನೆ ಮಾದೇವಿ ಬಂದಾಗ ಶಿವವ್ವ ಅವಳನ್ನು ಪಡಸಾಲೆಯಲ್ಲೇ ಕೂಡಿಸಿ ಚಹಾ ಕೊಟ್ಟಳು. ಕೆಂಪವ್ವ ಬಚ್ಚಲ ಒಲೆಯ ಮುಂದೆ ಕೂತು ಕಟ್ಟಿಗೆ ಒಳಗೆ ದೂಡಿ ಉರಿ ಹೆಚ್ಚಿಸುತ್ತಿದ್ದಳು. ಶಿವವ್ವ ಕೂಸಿನ ಅರಿವೆ ಬಿಚ್ಚಿ, ಬರಿಮೈಯ ಕೂಸನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಬಂದು ನಿಂತಳು.

"ಎರೀರಿ" ಎಂದಳು.

ಕೆಂಪವ್ವ ಎರಡೂ ಕೈಗಳನ್ನು ಬೆಳಕಿಗೆ ಹಿಡಿದಳು. "ಕೈ ಛಲೋ ಆಗಲಿಲ್ರಿ ಬೀಗತಿ. ಮುಂಗೈ ಅಷ್ಟ ಬಂತು. ಬೆರಳ ಹಂಗ ಅದಾವ. ಇನ್ನ ಬರೂದೂ ಇಲ್ಲಂತ."

"ನೋಡೀನ್ರಿ. ಕೂಸಿಗೆ ಥಂಡಿ ಆಗತೈತಿ, ಹಿಡೀರಿ."

ಕೆಂಪವ್ವ ಮಣೆಯ ಮೇಲೆ ಕಾಲು ನೀಡಿದಳು. ಮೂರು ವರ್ಷದ ಮೇಲೆ ಕಾಲ ಮೇಲೆ ಕೂಸಿನ ಭಾರ ಬಿದ್ದಿತು. ಬೆರಳುಗಳನ್ನು ಎಣ್ಣೆ ಬಟ್ಟಲಿಗೆ ಅದ್ದಿದಳು. ಕೂಸಿನ ಬೆನ್ನಿನ ಮೇಲೆ ಅವು ಎರಡು ಸಲ ಮೇಲಿಂದ ಕೆಳಗೆ ಆಡಿದವು. ಕೂಸು ಒಂದು ಸಲ ಚೀರಿ, ಹಾಗೇ ಮೈ ಸಡಿಲ ಬಿಟ್ಟಿತು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕೈಗೆ ಎಣ್ಣೆ ಹತ್ತಿದ್ದರಿಂದ ಒರೆಸಿಕೊಳ್ಳಲು ಬರುವಂತಿರಲಿಲ್ಲ.

ಶಿವವ್ವ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು.

"ಹಂಗ ನಿಂತ್ರ ಗಾಳಿ ಬರತೈತಿ, ಬಾಗಲಾ ಮುಂದ ಮಾಡ್ರಿ" ಎಂದಳು ಕೆಂಪವ್ವ, ತಲೆ ಎತ್ತದೆ. "ಒಳಗ ಬಂದ ನೀರ ಹಾಕ್ರಿ. ನನ್ನ ಕೈ ಮ್ಯಾಲ ಹಾಕ್ರಿ, ಕೂಸಿನ ತಲಿ ಮ್ಯಾಲ ಅಲ್ಲ."

ಶಿವವ್ವ ಬಾಗಿಲು ಮುಂದೆ ಮಾಡಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಂಬಿಗೆಯಲ್ಲಿ ನೀರು ತೋಡಿ ಅವಳ ಕೈ ಮೇಲೆ ಹಾಕಿದಳು.